ಬೈಯಲು ಇಟ್ಟ ಹೆಸರು

ನಮ್ಮ ಮನೆತನದಲ್ಲಿ ಬಿ.ಎ. ಪಾಸಾದ ಮೊದಲನೆಯವನು ನಾನು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಕಷ್ಟಪಟ್ಟೇ ಪಾಸಾದೆ. ಆ ಕಷ್ಟದಲ್ಲಿ ಅರ್ಧ ನಮ್ಮ ಅವ್ವನ ತಾಯಿಯದು. ಅಜ್ಜಿ ದೇವದುರ್ಗದ ಕಡೆ ಮಂದಿ ಹೊಲದಲ್ಲಿ ಹತ್ತಿ ಬಿಡಿಸಿ ನನ್ನನ್ನು ಓದಿಸಿದಳು. ರಿಸಲ್ಟ್ ಬರುವಷ್ಟರಲ್ಲಿ ತೀರಿಕೊಂಡಿದ್ದಳು.

ಎಪ್ಪತ್ತರ ದಶಕದ ಕೊನೆಗೆ ನನಗೆ ಮಗಳು ಹುಟ್ಟಿದಾಗ ನಾನು ರಾಯಚೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ತೊಟ್ಟಿಲಿಗೆ ಹಾಕುವ ಮೊದಲೇ ಅವ್ವ ಬಸ್ಸು ಹತ್ತಿ ಬಂದಳು.

"ಕೂಸಿಗಿ ನಮ್ಮವ್ವನ ಹೆಸರು," ಅಂದಳು. ಕೇಳಲಿಲ್ಲ, ಹೇಳಿದಳು. ಊರದೇವಿಯ ಹೆಸರಿಗೆ 'ಅವ್ವ' ಜೋಡಿಸಿದ ಹಳೇ ಕಾಲದ ಹೆಸರು ಅದು. "ನಡುವ ಇನ್ನೊಂದು ಹೆಸರು ನೀ ಹುಡುಕು. ಹಿರ್ಯಾರ ಹೆಸರು ಹಿಡದು ಬೈಯಾಕ ಬರೂದಿಲ್ಲ, ಸತ್ತಾಕಿಗೇ ಬೈದಂಗ ಆಗ್ತದ. ಬೈಯಾಕ ಒಂದು ಬ್ಯಾರೆ ಬೇಕು."

"ಹನ್ನೊಂದು ದಿನದ ಕೂಸು, ಆಗಲೇ ಬೈಯೂ ತಯಾರಿ ಏನ್ರಿ ಅತ್ತಿ?" ಅಂದಳು ನನ್ನ ಹೆಂಡತಿ.

"ಇವನ ಮಗಳಲ್ಲೇನು? ಬೈಸಿಗೊಳ್ಳದ ಇರ್ತಾಳಾ?"

ಕಚೇರಿಯ ರದ್ದಿ ಹಾಳೆಗಳ ಬೆನ್ನಿಗೆ ಬರೆದು ನೋಡಿದೆ: ಅಜ್ಜಿಯ ಹೆಸರು, ನಡುವೆ ಹೊಸದು, ಕೊನೆಗೆ ಅಡ್ಡಹೆಸರು. ಬಾಯಿಬಿಟ್ಟು ಓದಿದರೆ ಉದ್ದನೆಯವು ಬಂಡಿಯ ಹಿಂದೆ ಕಟ್ಟಿದ ಇನ್ನೊಂದು ಬಂಡಿಯಂತೆ ಎಳೆಯುತ್ತಿದ್ದವು. ಕಡೆಗೆ ಎರಡಕ್ಷರದ್ದೊಂದು ಸರಿಯಾಗಿ ಕೂತಿತು. ಅವ್ವ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿ ನೋಡಿದಳು.

"ಬೈಯಾಕ ಚಲೋ ಅದ. ಸಾಲ್ಯಾಗ ಎರಡೂ ಬರಸಬೇಕು ಮತ್ತ. ದಿನಾ ಹಾಜರಿ ಕೂಗುವಾಗ ನಮ್ಮವ್ವನ ಹೆಸರು ಮಾಸ್ತರ ಬಾಯಾಗ ಬರಬೇಕು."

"ಬರಸ್ತೀನಿ ಯವ್ವಾ," ಅಂದೆ.

ಮಗಳನ್ನು ಶಾಲೆಗೆ ಸೇರಿಸುವ ಹೊತ್ತಿಗೆ ನನಗೆ ಮಾನ್ವಿಗೆ ವರ್ಗವಾಗಿತ್ತು. ಸರತಿಯಲ್ಲಿ ನನ್ನ ಮುಂದೆ ಒಬ್ಬ ವಕೀಲರು, ಹಿಂದೆ ಗಿರಣಿ ಮಾಲೀಕರು. ಅವರ ಮಕ್ಕಳ ಹೆಸರುಗಳು ಇಸ್ತ್ರಿ ಮಾಡಿದಂತಿದ್ದವು. ಹೆಡ್‌ಮಾಸ್ತರು ಪೆನ್ನು ಹಿಡಿದು "ಹೆಸರು?" ಅಂದರು. ಅಜ್ಜಿಯ ಹೆಸರು ನಾಲಿಗೆಗೆ ಬಂದಿತ್ತು. ಅದನ್ನು ಕೇಳಿದರೆ ನಾವು ಯಾರ ಹೊಲದಲ್ಲಿ ದುಡಿದವರು ಅಂತ ಎಲ್ಲರಿಗೂ ಗೊತ್ತಾಗುತ್ತದೆ ಅನ್ನಿಸಿತು. ಎರಡಕ್ಷರದ್ದಷ್ಟೇ ಹೇಳಿದೆ.

ಅವ್ವ ದೀಪಾವಳಿಗೆ ಬಂದವಳು ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ಕೇಳಿದಳು, "ಹಾಜರಿ ಕೂಗುವಾಗ ನಿನಗ ಏನಂತಾರ?"

ಹುಡುಗಿ ಹೇಳಿದಳು.

"ಅದಕ್ಕೂ ಮೊದಲ?"

"ಅಷ್ಟೇ."

ಅವ್ವ ನನ್ನ ಕಡೆ ತಿರುಗಿದಳು. "ಬೈಯೂ ಹೆಸರಷ್ಟೇ ಬರಸೀ ಏನಪಾ?"

"ತಿದ್ದಸ್ತೀನಿ," ಅಂದೆ. ಅರ್ಜಿ ಬರೆಯುವುದು ನನಗೆ ಹೊಸದಲ್ಲ. ಓಣಿಯ ಮಂದಿಗೆಲ್ಲ ನಾನೇ ಬರೆದುಕೊಡುತ್ತಿದ್ದೆ. ಇದೊಂದು ಬರೆಯಲಿಲ್ಲ. ಅವ್ವ ಇರುವಾಗ ಬರೆಯಲಿಲ್ಲ, ಆಮೇಲೆ ಬರೆದು ಯಾರಿಗೆ ತೋರಿಸುವುದು?

ಅವ್ವ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಮೊಮ್ಮಗಳಿಗೆ ಬೈಯುವುದನ್ನು ಬಿಟ್ಟಳು. ಒಂದು ದಿನ ಹುಡುಗಿ ಕುಣಿಯುತ್ತ ಹೋಗಿ ಮಜ್ಜಿಗೆಯ ಗಡಿಗೆ ಒಡೆದಳು. "ನೀವರೆ ಒಂದು ಮಾತು ಬೈಯ್ರಿ ಅತ್ತಿ," ಅಂದಳು ನನ್ನ ಹೆಂಡತಿ.

ಅವ್ವ ಬಗ್ಗಿ ಗಡಿಗೆಯ ಚೂರು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾವ ಹೆಸರು ಹಿಡದು ಬೈಯ್ಲಿ? ಈಗ ಇಕಿಗಿ ಇರೂದೇ ಅದೊಂದು, ಅದನ್ನೂ ಬೈದು ಕೆಡಸ್ಲೇನು?"