ಓರ್ಕಾ ತೆಗಿ

ಅಣ್ಣನ ಕಣ್ಣು ಹೋದದ್ದು ಹೊಸೂರಿನ ಒಂದು ಕಾರ್ಖಾನೆಯಲ್ಲಿ, ಆಸಿಡ್ ಸಿಡಿದು. ಕಾರ್ಖಾನೆಯವರು ಆಸ್ಪತ್ರೆಗೆ ಸೇರಿಸಿ ಕೈತೊಳೆದುಕೊಂಡರು. ಆಮೇಲೆ ಆಲಸನತ್ತಂನ ನಮ್ಮ ಬಾಡಿಗೆ ಮನೆಯಲ್ಲಿ ಅವನು ಬಾಯಿಬಿಟ್ಟು ಮಾತಾಡುವುದೇ ಅಪರೂಪವಾಯಿತು. ನಮ್ಮ ಆಫೀಸಿನವರು ಮೂಲೆಗೆ ತಳ್ಳಿದ್ದ ಕಂಪ್ಯೂಟರೊಂದನ್ನು ಕೇಳಿ ತಂದು ಅದಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಸಾಫ್ಟ್‌ವೇರ್ ಹಾಕಿದೆ. ಪರದೆಯ ಮೇಲಿದ್ದುದನ್ನೆಲ್ಲ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ ಹೇಳುವ ಓರ್ಕಾ ಎಂಬ ಪ್ರೋಗ್ರಾಂ ಅದರಲ್ಲಿತ್ತು.

ತೊಡಕೇನೆಂದರೆ, ಓರ್ಕಾವನ್ನು ಹುಡುಕಿ ಶುರುಮಾಡಲು ಕಣ್ಣು ಬೇಕು. ಕಣ್ಣಿದ್ದವರಿಗೆ ಓರ್ಕಾ ಯಾಕೆ ಬೇಕು? ಹಾಗಾಗಿ ಕಂಪ್ಯೂಟರ್ ಎದ್ದ ಕೂಡಲೇ ತಾವಾಗಿ ಶುರುವಾಗುವ ಪ್ರೋಗ್ರಾಂಗಳ ಪಟ್ಟಿಗೆ ಅದನ್ನು ಸೇರಿಸಿದೆ. ಸೌಂಡ್ ಸಿದ್ಧವಾಗುವ ಮೊದಲೇ ಎದ್ದರೆ ಅದು ಮೂಕವಾಗುತ್ತಿತ್ತು. ಸ್ವಲ್ಪ ಕಾಯಬೇಕೆಂದು ಪಟ್ಟಿಯಲ್ಲಿ ಅದರ ಹೆಸರಿದ್ದ ಸಾಲಿನೊಳಗೇ ಬರೆದೆ. ಅಣ್ಣ ಬಟನ್ ಒತ್ತಿ ಕಾಯುತ್ತಿದ್ದ. ಧ್ವನಿ ಬಂತೋ, "ಬಂದ ಕಣಮ್ಮಿ" ಎನ್ನುತ್ತಿದ್ದ, ಯಾರೋ ನೆಂಟ ಬಂದ ಹಾಗೆ.

ತಿಂಗಳುಗಟ್ಟಲೆ ಒದ್ದಾಡಿ ಟೈಪಿಂಗ್ ಕಲಿತ. ಜೂಜುವಾಡಿಯ ಸಣ್ಣ ಕಂಪನಿಯೊಂದರಲ್ಲಿ ಫೋನಿನಲ್ಲಿ ಬಂದ ಆರ್ಡರುಗಳನ್ನು ಟೈಪ್ ಮಾಡುವ ಕೆಲಸವಿತ್ತು. ಮನೆಗೇ ಬಂದು ಅವನ ಕೆಲಸ ನೋಡುತ್ತೇವೆ ಎಂದರು. ಅವರು ಬರುವ ದಿನ ಬೆಳಿಗ್ಗೆ ಅಣ್ಣ ನನ್ನ ಆಫೀಸಿಗೆ ಫೋನ್ ಮಾಡಿದ.

"ಇದು ಮಾತಾಡೋಕೆ ಸ್ಯಾನೆ ಹೊತ್ತು ತಗತದೆ ಕಣಮ್ಮಿ. ಅವ್ರ ಮುಂದೆ ಸುಮ್ಕೆ ಕುಂತಿದ್ರೆ ಏನಂದ್ಕಂತಾರೆ?"

ಆ ಸಾಲಿನಲ್ಲಿ ಬರೆದಿದ್ದ ಕಾಯುವ ಹೊತ್ತನ್ನು ಕಡಿಮೆ ಮಾಡೋಣವೆಂದು ಅತ್ತಿಗೆಗೆ ಫೋನ್ ಕೊಡಲು ಹೇಳಿದೆ. ಅತ್ತಿಗೆ ರಾಯಕೋಟೆಯವಳು, ತಮಿಳು ಶಾಲೆಯಲ್ಲಿ ಓದಿದವಳು. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಿದ್ದಳು. ಹೇಗೋ ಆ ಪಟ್ಟಿಯವರೆಗೆ ಅವಳನ್ನು ಕರೆತಂದೆ.

"ಓರ್ಕಾ ಅಂತ ಐತಾ? ಅದನ್ನ ತೆಗಿ ಅತ್ಗೆ."

"ತೆಗ್ದೆ ಕಣಮ್ಮ."

"ಒಳಗೆ ಏನ್ ಬರ್ದೈತೆ?"

"ಏನೂ ಇಲ್ಲ."

ಎಲ್ಲೋ ನೋಡುತ್ತಿದ್ದಾಳೆಂದು ರೇಗಿ, "ಹೋಗ್ಲಿ ಬುಡು, ಹಂಗೇ ಇರ್ಲಿ" ಎಂದು ಫೋನ್ ಇಟ್ಟೆ.

ನಮ್ಮ ಭಾಷೆಯ ಕರ್ಮ ನೋಡಿ. ಬಾಗಿಲಿಗೂ ತೆಗಿ, ಕಸಕ್ಕೂ ತೆಗಿ. ಸಾಲನ್ನು ತೆರೆದು ನೋಡು ಅಂತ ನಾನು ಹೇಳಿದ್ದು. ಪಟ್ಟಿಯ ಪಕ್ಕದಲ್ಲಿ ರಿಮೂವ್ ಎಂಬ ಬಟನ್ ಇತ್ತು. ರಿಮೂವ್ ಅಂದರೆ ತೆಗೆಯುವುದು ಅಂತ ಅವಳಿಗೆ ಗೊತ್ತಿತ್ತು, ಅದನ್ನು ಒತ್ತಿದಳು. ಓರ್ಕಾ ಪಟ್ಟಿಯಿಂದಲೇ ಹೋಯಿತು. ಆದರೆ ಆಗಲೇ ಶುರುವಾಗಿದ್ದರಿಂದ ಅದು ಮಾತಾಡುತ್ತಲೇ ಇತ್ತು, ಯಾರಿಗೂ ತಿಳಿಯಲಿಲ್ಲ.

ಮಧ್ಯಾಹ್ನ ಕರೆಂಟು ಹೋಯಿತು. ಮತ್ತೆ ಬರುವಷ್ಟರಲ್ಲಿ ಕಂಪನಿಯ ಇಬ್ಬರು ಬಂದು ಕೂತಿದ್ದರು. ಮುಂದಿನದೆಲ್ಲ ಅತ್ತಿಗೆ ಹೇಳಿದ್ದು. ಅಣ್ಣ ಬಟನ್ ಒತ್ತಿದ. ಧ್ವನಿ ಬರಲಿಲ್ಲ. ಆಫ್ ಮಾಡಿ ಮತ್ತೆ ಒತ್ತಿದ. ಸ್ಪೀಕರ್ ತಡಕಿದ, ವೈರು ಕಿತ್ತು ಸಿಕ್ಕಿಸಿದ. ನನಗೆ ಫೋನ್ ಮಾಡಿದ. ನಾನು ಊಟಕ್ಕೆ ಹೋಗಿದ್ದೆ. ಅವರು ಟೀ ಕುಡಿದು, ಆಮೇಲೆ ನೋಡೋಣ ಸಾರ್ ಎಂದು ತಮಿಳಿನಲ್ಲಿ ಹೇಳಿ ಎದ್ದು ಹೋದರು. ನಾನು ಊಟ ಮುಗಿಸಿ ಬರುವವರೆಗೆ ಕೂತಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು? ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಸಂಜೆ ಬಂದು ಆ ಸಾಲನ್ನು ಮತ್ತೆ ಬರೆದೆ. ಕಂಪ್ಯೂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿದೆ, ಧ್ವನಿ ಬಂತು. ಅಣ್ಣ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ.

"ಮಾತಾಡ್ತಾ ಐತೆ, ಬನ್ನಿ" ಎಂದಳು ಅತ್ತಿಗೆ, ಅಳುತ್ತಲೇ.

"ಕುರುಡ ವೈರು ತಡಕೋದನ್ನ ನೋಡ್ಕಂಡ್ ಹೋದ್ರು ಕಣೇ" ಎಂದ ಅಣ್ಣ. "ಟೈಪ್ ಮಾಡೋದನ್ನ ಯಾರೂ ನೋಡ್ಲೇ ಇಲ್ಲ."