ಎಂಜಿನ್ನಿಗೆ ಏನೂ ಆಗುವುದಿಲ್ಲ

ಲಾರಿ ಷೆಡ್ಡುಗಳ ಸಾಲಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವನು ಕಿವಿ ಮೇಸ್ತ್ರಿ. ಓಡುತ್ತಿರುವ ಎಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು, ಒಳಗೆ ಯಾವ ಬೇರಿಂಗು ನರಳುತ್ತಿದೆ ಎಂದು ಹೇಳಿಬಿಡುತ್ತಿದ್ದ. ಮಾತು ಕಡಿಮೆ. ಆದರೆ ಯಾರಾದರೂ ತನ್ನ ಕೆಲಸ ಹೊಗಳಿದರೆ ದಿನವಿಡೀ ಅದನ್ನೇ ಮೆಲುಕು ಹಾಕುತ್ತಿದ್ದ.

ಅವನ ಒಬ್ಬಳೇ ತಂಗಿಯ ಗಂಡ ಲಾರಿ ಡ್ರೈವರು. ಲಾರಿ ಸ್ವಂತದ್ದು. ಗಣಿಯಿಂದ ಆಳೆತ್ತರದ ಬಂಡೆಗಳನ್ನು ಹೇರಿಕೊಂಡು, ಗುಡ್ಡ ಹತ್ತಿಳಿದು, ಆಚೆಯ ಕಲ್ಲು ಕೊಯ್ಯುವ ಕಾರ್ಖಾನೆಗೆ ಮುಟ್ಟಿಸುತ್ತಿದ್ದ. ಏರಿನಲ್ಲಿ ಆ ಲಾರಿ ಬಸವನಹುಳುವಿನಂತೆ ತೆವಳುತ್ತಿತ್ತು. ಹಿಂದಿನವರು ಹಾರನ್ನು ಬಾರಿಸಿ ಬಾರಿಸಿ ಮುಂದೆ ಹೋಗುವಾಗ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಭಾವ, ಇದಕ್ಕೆ ಒಂಚೂರು ಜೀವ ತುಂಬಿಕೊಡಿ. ಡೀಸೆಲ್ ಪಂಪು ತಿರುಗಿಸಿ ಎಣ್ಣೆ ಜಾಸ್ತಿ ಬಿಟ್ರೆ ಸಾಕು, ಅರ್ಧ ಗಂಟೆ ಕೆಲ್ಸ ಅಂತಾನೆ ಪಕ್ಕದ ಷೆಡ್ಡಿನವನು."

"ಅರ್ಧ ಗಂಟೇಲಿ ಮಾಡ್ತಾನೆ, ಅರ್ಧ ತಿಂಗಳಿಗೆ ಒಡೆಯುತ್ತೆ. ನೂರ ಎಂಬತ್ತು ಕುದುರೆ ಇರೋ ಲಾಯದಲ್ಲಿ ಇನ್ನೂರ ಅರವತ್ತು ಕಟ್ಬೇಕು ಅಂದ್ರೆ ಮೊದ್ಲು ಗೂಟ ಗಟ್ಟಿ ಮಾಡ್ಬೇಕು ಡ್ರೈವರೇ. ಬರೀ ಮೇವು ಜಾಸ್ತಿ ಹಾಕಿದ್ರೆ ಗೂಟಾನೇ ಕಿತ್ಕೊಂಡು ಓಡ್ತವೆ."

ಡ್ರೈವರು ನಕ್ಕು ಲಾರಿ ಬಿಟ್ಟುಹೋದ. ಮೇಸ್ತ್ರಿ ಎಂಜಿನ್ನನ್ನು ಕೊನೆಯ ಬೋಲ್ಟಿನ ತನಕ ಬಿಚ್ಚಿದ. ಪಿಸ್ಟನ್ನಿನ ಹೊಡೆತ ತಾಳುವ ಆರು ರಾಡುಗಳ ಜಾಗಕ್ಕೆ ಬಡಿದು ಮಾಡಿದ ದಪ್ಪ ರಾಡು ತರಿಸಿದ. ಒಂದೊಂದನ್ನೂ ತಕ್ಕಡಿಗಿಟ್ಟು ಗುಲಗಂಜಿಯಷ್ಟೂ ಹೆಚ್ಚುಕಮ್ಮಿ ಇಲ್ಲದಂತೆ ತೂಕ ಸರಿಮಾಡಿದ. ಬಿರುಕು ಹುಟ್ಟುವುದು ಗೀರಿನಿಂದಲೇ ಎಂದು ಅವುಗಳ ಮೈಯನ್ನು ಕನ್ನಡಿಯಂತೆ ಉಜ್ಜಿದ. ಆ ರಾಡುಗಳು ತಿರುಗಿಸುವ ಕ್ರ್ಯಾಂಕಿಗೆ ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಪುಡಿ ಎರಚಿ, ಎಲ್ಲಾದರೂ ಕೂದಲೆಳೆಯ ಬಿರುಕು ಕೆಂಪಗೆ ಒಸರುತ್ತದೆಯೇ ಎಂದು ಭೂತಗನ್ನಡಿ ಹಿಡಿದು ಹುಡುಕಿದ. ಇರಲಿಲ್ಲ. ಎಂಜಿನ್ನಿನ ತಲೆ ಮುಚ್ಚುವ ಹೆಡ್ಡಿನ ಬೋಲ್ಟುಗಳನ್ನೂ ದಪ್ಪದ್ದಕ್ಕೆ ಬದಲಾಯಿಸಿ, ನಡುವಿನಿಂದ ಅಂಚಿಗೆ ಮೂರು ಸುತ್ತು ಬಿಗಿದ. ಗೂಟ ಗಟ್ಟಿಯಾದ ಮೇಲಷ್ಟೇ ಡೀಸೆಲ್ ಪಂಪು ತಿರುಗಿಸಿ ಮೇವು ಹೆಚ್ಚಿಸಿದ. ಹದಿನೆಂಟು ದಿನ ಹಿಡಿಯಿತು. ಇಷ್ಟು ಚಂದದ ಕೆಲಸ ತಾನು ಹಿಂದೆಂದೂ ಮಾಡಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು.

ಇನ್ನೊಂದೂ ಗೊತ್ತಿತ್ತು. "ಬ್ರೇಕು ಹಳೇದೇ ಇದೆ" ಎಂದ, ಲಾರಿ ಒಯ್ಯಲು ಬಂದ ಡ್ರೈವರಿಗೆ. "ಶಕ್ತಿ ಬಂತು ಅಂದ್ರೆ ಭಾರ ಹೇರದೆ ಬಿಡಲ್ಲ ನೀವು. ಇಳಿಜಾರಲ್ಲಿ ನಿಲ್ಸೋದು ಯಾರು?"

"ಮುಂದಿನ ತಿಂಗಳು ಮಾಡಿಸೋಣ ಭಾವ. ಗಣಿಯವ್ರು ಬಾಯ್ಬಾಯ್ ಬಡ್ಕೋತಿದಾರೆ."

ಕೀಲಿ ಮೇಸ್ತ್ರಿಯ ಜೇಬಿನಲ್ಲಿತ್ತು. ಕೊಡುವುದಿಲ್ಲ ಎನ್ನಬಹುದಿತ್ತು. ಆದರೆ ಹದಿನೆಂಟು ದಿನದ ಆ ಕೆಲಸ ಏರು ಹತ್ತುವ ಸದ್ದು ಕೇಳಲು ಅವನ ಕಿವಿ ಹಪಹಪಿಸುತ್ತಿತ್ತು. ಕೊಟ್ಟುಬಿಟ್ಟ.

ಗಂಡನ ಜೊತೆಗೆ ಬಂದು ಹೊರಗೇ ಉಳಿದಿದ್ದ ತಂಗಿ ಆಗ ಬಾಗಿಲಿಗೆ ಬಂದಳು. "ಅಣ್ಣಾ, ಏನೂ ಆಗಲ್ಲ ತಾನೆ?"

"ಎಂಜಿನ್ನಿಗೆ ಏನೂ ಆಗಲ್ಲ" ಎಂದ ಅವನು, ಕೈಯ ಎಣ್ಣೆ ಒರೆಸಿಕೊಳ್ಳುತ್ತ, ಅವಳ ಮುಖ ನೋಡದೆ.

ಮೊದಲ ದಿನ ಜೊತೆಗೆ ಕೂತು ಹೋದ. ಬಂಡೆ ಹೊತ್ತ ಲಾರಿ ಏರನ್ನು ಏರೇ ಅಲ್ಲವೆಂಬಂತೆ ಹತ್ತಿತು. ಡ್ರೈವರು ಸ್ಟಿಯರಿಂಗು ಬಡಿದು ಕೂಗಿದ: "ಸಿಂಹ ಭಾವ, ಸಿಂಹ!" ಮೇಸ್ತ್ರಿಯ ಕಣ್ಣು ತುಂಬಿಬಂತು.

ಒಂದು ಬಂಡೆಯ ಜಾಗದಲ್ಲಿ ಎರಡು ಬಂತು. ಮುಂದಿನ ತಿಂಗಳು ಬಂದು ಹೋಯಿತು. ಮೇಸ್ತ್ರಿ ಎರಡು ಸಲ ಬ್ರೇಕಿನ ಮಾತೆತ್ತಿದ, ಮೂರನೆಯ ಸಲ ಸುಮ್ಮನಾದ. ಒಂದು ಮಧ್ಯಾಹ್ನ ಇಳಿಜಾರಿನ ಮೂರನೆಯ ತಿರುವಿನಲ್ಲಿ ಡ್ರೈವರು ಒತ್ತಿದ ಬ್ರೇಕು ಹಿಡಿಯಲಿಲ್ಲ. ಚಕ್ರಗಳೊಳಗಿನ ಬ್ರೇಕಿನ ಡ್ರಮ್ಮುಗಳು ಕಾದು ಕೆಂಡವಾಗಿದ್ದವು. ಎದುರಿಗೆ ಶಾಲೆಯ ವ್ಯಾನು ಬರುತ್ತಿರುವುದನ್ನು ಕಂಡು ಅವನು ಲಾರಿಯನ್ನು ಗುಡ್ಡದ ಮಗ್ಗುಲಿಗೆ ತಿರುಗಿಸಿ ಗುದ್ದಿದ. ಬಂಡೆಗಳು ಪಕ್ಕಕ್ಕೆ ಉರುಳಿದ್ದರಿಂದ ಜೀವ ಉಳಿಯಿತು. ಎಡಗಾಲು ಮೊಣಕಾಲಿನಿಂದ ಕೆಳಗೆ ಉಳಿಯಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ತಂಗಿ ಸಿಕ್ಕಳು. ಅಳುತ್ತಿರಲಿಲ್ಲ.

"ಬ್ರೇಕಿನ ವಿಷ್ಯ ನಿಂಗೆ ಗೊತ್ತಿತ್ತಂತೆ. ಅವರೇ ಹೇಳಿದ್ರು."

"ನಾನು ಅವ್ರಿಗೆ ಹೇಳಿದ್ದೆ ಕಣಮ್ಮ..."

"ನಾನು ಕೇಳಿದ್ದು ಅವರ ಬಗ್ಗೆ ಅಣ್ಣ. ನೀನು ಎಂಜಿನ್ನಿನ ಬಗ್ಗೆ ಹೇಳಿ ಕಳಿಸ್ದೆ."



ಮುಂಭಾಗ ನಜ್ಜುಗುಜ್ಜಾದ ಲಾರಿಯನ್ನು ಷೆಡ್ಡಿಗೆ ಎಳೆತಂದರು. ಅಪಘಾತ ಪರೀಕ್ಷಿಸಲು ಬಂದ ಅಧಿಕಾರಿ ಎಂಜಿನ್ನು ಚಾಲೂ ಮಾಡಿಸಿ ನೋಡಿದ. ಒಂದೇ ಸಲಕ್ಕೆ ಹೊತ್ತಿಕೊಂಡಿತು. ಸುತ್ತ ನೆರೆದ ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ "ಅಬ್ಬಾ, ಏನ್ ಕೈ ಮೇಸ್ತ್ರಿ ನಿಮ್ದು!" ಎಂದೇಬಿಟ್ಟ. ಇಡೀ ದಿನ ಮೆಲುಕು ಹಾಕುವಂಥ ಮಾತು. ಮೇಸ್ತ್ರಿ ಷೆಡ್ಡಿನ ಹಿಂದೆ ಹೋಗಿ ನಲ್ಲಿ ತಿರುಗಿಸಿ ತಲೆಯೊಡ್ಡಿ ನಿಂತ.

ಆಮೇಲಿನದು ಅವನಿಗೆ ಇನ್ನೂ ಕಷ್ಟವಾಯಿತು. ಗುಡ್ಡಕ್ಕೆ ಗುದ್ದಿದರೂ ಕೆಡದ ಎಂಜಿನ್ನು ಎಂಬ ಸುದ್ದಿ ಊರೂರು ಸುತ್ತಿ, ಅಂಥದ್ದೇ ಬೇಕೆಂದು ಲಾರಿಗಳು ಸಾಲುಗಟ್ಟಿದವು. ಮೊದಲು ಬ್ರೇಕು, ಆಮೇಲೆ ಎಂಜಿನ್ನು ಎಂದು ಅವನು ಹಟ ಹಿಡಿದ. ಅರ್ಧಕ್ಕರ್ಧ ಜನ ಗೊಣಗಿಕೊಂಡು ಪಕ್ಕದ ಷೆಡ್ಡಿಗೆ ಹೋದರು. ಉಳಿದವರನ್ನು ಒಪ್ಪಿಸಿದ್ದು, ಊರುಗೋಲು ಗೋಡೆಗೆ ಒರಗಿಸಿ ಷೆಡ್ಡಿನಲ್ಲೇ ಕೂರತೊಡಗಿದ ತಂಗಿಯ ಗಂಡ. ಆದರೆ ಅವನ ಬಾಯಲ್ಲಿ ಬ್ರೇಕಿನ ಮಾತು ಒಂದಾದರೆ ಆ ಸಿಂಹದ ವರ್ಣನೆ ಹತ್ತು. ಅವನಿಗೆ ಭಾವನ ಮೇಲೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದುಕೊಳ್ಳುತ್ತಿದ್ದ ಮೇಸ್ತ್ರಿ.

ತಂಗಿ ಮಧ್ಯಾಹ್ನ ಊಟ ತಂದು ಗಂಡನ ಮುಂದಿಟ್ಟು ಹೋಗುತ್ತಿದ್ದಳು. ಆರು ತಿಂಗಳು ಅಣ್ಣನ ಜೊತೆ ತುಟಿ ಬಿಚ್ಚಲಿಲ್ಲ. ಒಂದು ದಿನ, ಕೆಲಸ ಮುಗಿದು ಹೊರಡಲು ನಿಂತ ಯಾರದೋ ಲಾರಿಯ ಪಕ್ಕ ಥಟ್ಟನೆ ನಿಂತಳು. ಆ ಲಾರಿಯ ಡ್ರೈವರನ ಹೆಂಡತಿ ಮಗು ಎತ್ತಿಕೊಂಡು ಕ್ಯಾಬಿನ್ನಿನಲ್ಲಿ ಕೂತಿದ್ದಳು.

"ಇದರ ಬ್ರೇಕು ನೋಡಿದ್ಯಾ?"

ಮೇಸ್ತ್ರಿಗೆ ತನ್ನನ್ನೇ ಕೇಳಿದ್ದೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. "ನಾನೇ ಹೊಸದು ಹಾಕಿದೀನಿ ಕಣಮ್ಮ. ನಾಲ್ಕೂ ಕಡೆ."

"ಬಿಚ್ಚು. ನಾನು ನೋಡ್ಬೇಕು."

ಆ ಲಾರಿಯ ಡ್ರೈವರು ಏನೋ ಹೇಳಲು ಬಾಯಿ ತೆರೆದ. ಮೇಸ್ತ್ರಿ ಕೈಯೆತ್ತಿ ಅವನನ್ನು ತಡೆದು, ಜ್ಯಾಕು ತರಲು ಒಳಗೆ ಹೋದ.