ಶೆಗಡಿ ದೊಡ್ಡದು ಮಾಡಿದ್ದು

ಇವತ್ತು ಬೆಳಿಗ್ಗೆ ಮಜ್ಜಿಗೆಹುಳಿ ಉಕ್ಕಿ, ಕರೆಂಟ್ ಒಲೆಯ ಕೆಂಪಗಾದ ಸುರುಳಿಯ ಮೇಲೆ ಚೆಲ್ಲಿತು. ಹೆಚ್ಚೇನಲ್ಲ, ಎರಡು ಚಮಚ. ಆದರೆ ಸುಟ್ಟ ಮಜ್ಜಿಗೆಯ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಬಲಗೈ ತಾನಾಗಿಯೇ ಹೋಗಿ ಎಡಗೈಯ ಅಂಗಿಯ ತೋಳನ್ನು ಹಿಡಿದುಕೊಂಡಿತು. ತೋಳಿಗೆ ಏನೂ ಆಗಿರಲಿಲ್ಲ. ಮೂರು ವರ್ಷದ ಹಿಂದೆ, ಇದೇ ವಾಸನೆಯ ನಡುವೆ, ಬೇರೆ ಅಂಗಿಯ ಅದೇ ತೋಳಿನಲ್ಲಿ ಕಡಲೆಕಾಳಿನಷ್ಟು ತೂತು ಬಿದ್ದಿತ್ತು. ಕೈ ಅದನ್ನಿನ್ನೂ ಮರೆತಿಲ್ಲ. ಕೂತುಕೊಳ್ಳಿ, ಹೇಳುತ್ತೇನೆ. ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತೇನೆ. ನಡುವೆ ಸ್ವಲ್ಪ ನಿಧಾನವಾದರೆ ಸಹಿಸಿಕೊಳ್ಳಬೇಕು.

ಮೊದಲು ಒಂದು ಮಾತು ತಿಳಿದಿರಲಿ: ನಾನು ಜೋಪಾನದ ಮನುಷ್ಯ. ಕಡಲಾಚೆಯ ಈ ಕ್ಯಾಂಪ್‌ಬೆಲ್ ಊರಿನ ನಮ್ಮ ಪುಟ್ಟ ಮನೆಯಲ್ಲಿ ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ಎರಡಿವೆ. ಒಂದು ಅಡುಗೆಮನೆಯಲ್ಲಿ, ಇನ್ನೊಂದು ಅದಕ್ಕೇ ಏನಾದರೂ ಆದರೆ ಇರಲಿ ಎಂದು ಗ್ಯಾರೇಜಿನಲ್ಲಿ. ಹೊಗೆ ಅಲಾರಮಿನ ಬ್ಯಾಟರಿಯನ್ನು ಪ್ರತಿ ವರ್ಷ ಮಗಳು ಮೇಘಾಳ ಹುಟ್ಟುಹಬ್ಬದ ದಿನ ಬದಲಿಸುತ್ತೇನೆ. ಕೇಕಿಗಿಂತ ಮೊದಲು. ಮಂಗಳೂರಿನ ಕೊಂಕಣಿಯವಳಾದ ನನ್ನ ಹೆಂಡತಿ ಶೈಲಾ, ಮದುವೆಯ ಹೋಮಕುಂಡದ ಮುಂದೆಯೂ ನಾನು ಒಂದಡಿ ಹಿಂದೆ ಸರಿದು ಕೂತಿದ್ದೆ ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಅದು ಸುಳ್ಳು. ಅರ್ಧ ಅಡಿ ಇದ್ದೀತು.

ಇಂಥ ಮನೆಗೆ ಹುಬ್ಬಳ್ಳಿಯಿಂದ ಗಂಗತ್ತಿ ಬಂದರು. ನನ್ನ ಅಪ್ಪನ ತಂಗಿ. ಅಪ್ಪ ನಾನು ಹುಟ್ಟುವ ಮೊದಲೇ ಹುಬ್ಬಳ್ಳಿ ಬಿಟ್ಟು ಬೆಂಗಳೂರು ಸೇರಿದ್ದರು. ಹಾಗಾಗಿ ‘ಅತ್ತಿ’ ಎನ್ನುವ ಒಂದು ಶಬ್ದ ಬಿಟ್ಟರೆ ಆ ಕಡೆಯ ಮಾತು ನನ್ನ ಬಾಯಿಗೆ ಬಂದಿಲ್ಲ. ಗಂಗತ್ತಿ ನಲವತ್ತು ವರ್ಷ ಖಾನಾವಳಿ ನಡೆಸಿದವರು. ಆರು ತಿಂಗಳಿಗೆಂದು ಬಂದವರ ಪೆಟ್ಟಿಗೆಯಲ್ಲಿ ಎರಡು ಸೀರೆಗಳಲ್ಲಿ ಸುತ್ತಿದ ಒಂದು ಶೆಗಡಿ ಇತ್ತು. ಶೆಗಡಿ ಎಂದರೆ ಮೊಣಕಾಲೆತ್ತರವೂ ಇಲ್ಲದ ಕಬ್ಬಿಣದ ಇದ್ದಿಲೊಲೆ; ಕೆಳಗೆ ಗಾಳಿಗೊಂದು ಬಾಯಿ, ಮೇಲೆ ಪಾತ್ರೆ ನಿಲ್ಲಲು ಮೂರು ಗುಬಟು. ಖಾನಾವಳಿ ಶುರುವಾದದ್ದೇ ಅದರ ಮೇಲೆ, ಒಂದು ಓಣಿಯ ಕಟ್ಟೆಯಲ್ಲಿ. ವಿಮಾನನಿಲ್ದಾಣದಲ್ಲಿ ಅಧಿಕಾರಿ ಇದೇನೆಂದು ಕೇಳಿದಾಗ ಅತ್ತಿ “ಒಲಿ” ಎಂದರಂತೆ, ಅವನು ತಲೆಯಾಡಿಸಿ ಬಿಟ್ಟನಂತೆ. ಇದು ನಾನು ನೋಡಿದ್ದಲ್ಲ, ಅವರೇ ಹೇಳಿದ್ದು.

ಬಂದ ಎರಡನೇ ದಿನ ನಮ್ಮ ಕರೆಂಟ್ ಒಲೆಯ ಮೇಲೆ ಜೋಳದ ರೊಟ್ಟಿ ಹಾಕಿದರು. ರೊಟ್ಟಿ ಉಬ್ಬುವ ಮೊದಲೇ ಅಲಾರಮ್ ಕಿರುಚಿತು. ಅತ್ತಿ ತಲೆಯೆತ್ತಿ ಅದನ್ನೇ ಸ್ವಲ್ಪ ಹೊತ್ತು ನೋಡಿದರು. “ಈ ಮನಿಗೆ ರೊಟ್ಟಿ ಸೇರೂದಿಲ್ಲೇನು?” ಎಂದರು. ಅವತ್ತಿನಿಂದ ಶೆಗಡಿ ಹಿತ್ತಲಿಗೆ ಇಳಿಯಿತು. ಬೇಲಿಯಿಂದ ಎಂಟು ಅಡಿ ದೂರ, ನಾನೇ ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟೆ. ಅತ್ತಿ ಆ ನೀರಿನಲ್ಲಿ ಬದನೆಕಾಯಿ ತೊಳೆದರು.

ಹಾಗೇ ಮೂರು ವಾರ ಕಳೆದ ಮೇಲೆ ಒಂದು ದಿನ ಅತ್ತಿ, “ತಮ್ಮಾ, ಜೋಳದ ಹಿಟ್ಟು ಹೆಚ್ಚಾಗೇದ ನೋಡು” ಎಂದರು. ಸಂತೋಷ ಎಂದೆ. ಹೆಚ್ಚಾಗಿದ್ದರೆ ಒಳ್ಳೆಯದೇ ಅಲ್ಲವೇ? ಆಮೇಲೆ ಎಂಟು ದಿನ ಅವರು ಬೆಳಿಗ್ಗೆ, ಸಂಜೆ ಬ್ರೆಡ್ಡು ತಿಂದರು. ಬ್ರೆಡ್ಡು ಹಿಡಿಸಿಬಿಟ್ಟಿದೆ ಎಂದುಕೊಂಡು ನಾನು ಗ್ರೋಸರಿಯಿಂದ ಇನ್ನೂ ಎರಡು ಪೊಟ್ಟಣ ತಂದೆ. ಎಂಟನೆಯ ದಿನ ಶೈಲಾ ಡಬ್ಬಿ ತೆರೆದು ನೋಡಿ ಹಿಟ್ಟು ತಂದಳು. ಇದನ್ನು ಹಾಗೇ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ, ಅದೇ ತಪ್ಪಾದದ್ದು.

ಅಕ್ಟೋಬರಿನಲ್ಲಿ ನಮ್ಮ ಕನ್ನಡದವರ ಪಿಕ್ನಿಕ್ಕು, ಮಾರ್ಗನ್ ಹಿಲ್ ಆಚೆಯ ಗುಡ್ಡದ ಪಾರ್ಕಿನಲ್ಲಿ. ಅವತ್ತಿಗೆ ಸುಟ್ಟ ಬದನೆಕಾಯಿಯ ಭರ್ತ ತಮ್ಮದು ಎಂದು ಅತ್ತಿ ಒಪ್ಪಿಕೊಂಡರು. ರೊಟ್ಟಿಯ ಹೊತ್ತು ಬಿಟ್ಟರೆ ಇಷ್ಟು ದಿನ ಸೋಫಾದ ಮೇಲೆ ಅತಿಥಿಯಾಗಿ ಕೂತಿದ್ದವರು ಅವತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿ, ಶೆಗಡಿ ಹಿಡಿದು ಕಾರು ಹತ್ತಿದ್ದನ್ನು ನೋಡಬೇಕಿತ್ತು. ಹತ್ತು ವರ್ಷ ಚಿಕ್ಕವರಾಗಿದ್ದರು. ಪಾರ್ಕಿನ ಅರ್ಜಿಯಲ್ಲಿ ‘ಜವಾಬ್ದಾರ ವ್ಯಕ್ತಿ’ ಎಂಬಲ್ಲಿ ನಾನು ಸಹಿ ಹಾಕಿದ್ದೆ. ನಿಯಮಗಳನ್ನು ಎರಡು ಸಲ ಓದಿದ್ದೆ. ಸಣ್ಣ ಇದ್ದಿಲೊಲೆಗೆ ಬೆಳಿಗ್ಗೆ ಅಡ್ಡಿಯಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ಸುತ್ತಲ ಗುಡ್ಡದ ಹುಲ್ಲು ಒಣಗಿ ಚಿನ್ನದ ಬಣ್ಣಕ್ಕೆ ತಿರುಗಿತ್ತು. ಹನ್ನೊಂದು ಬದನೆಕಾಯಿ ಸುಟ್ಟಾಗಿತ್ತು, ನಾಲ್ಕು ಕೆಂಡದ ಮೇಲಿದ್ದವು. ಆಗ ರೇಂಜರ್ ಬಂದರು. ಎತ್ತರದ ಹೆಂಗಸು, ಅಗಲ ಅಂಚಿನ ಟೋಪಿ, ತುಂಬ ಮೆದು ಮಾತು. ಗಾಳಿಯಿಂದಾಗಿ ಈಗಷ್ಟೇ ಆದೇಶ ಬಂದಿದೆ, ಪಾರ್ಕಿನಲ್ಲಿ ಇದ್ದಿಲಿನ ಬೆಂಕಿ ಯಾವುದೂ ಇರುವ ಹಾಗಿಲ್ಲ, ಈಗಲೇ ನಂದಿಸಿಬಿಡಿ. ಇಲ್ಲದಿದ್ದರೆ ಒಲೆಯನ್ನು ನಾನು ತೆಗೆದುಕೊಂಡು ಹೋಗಬೇಕಾಗುತ್ತದೆ ಎಂದರು. ಶೆಗಡಿಯ ಹತ್ತಿರ ನಾವು ನಾಲ್ವರೇ ಇದ್ದೆವು: ಅತ್ತಿ, ನಾನು, ಮೇಘಾ, ರೇಂಜರ್.

ನಾನು ಅತ್ತಿಗೆ ತಿರುಗಿ, ಅಕ್ಷರ ಬಿಡದೆ ಹೇಳಿದೆ. “ಅತ್ತಿ, ಒಲೆ ಆರಿಸಬೇಕಂತೆ. ಇಲ್ಲದಿದ್ದರೆ ಒಯ್ಯುತ್ತಾರಂತೆ.”

ಅತ್ತಿ ಎರಡೂ ಕಿವಿ ಮುಚ್ಚಿಕೊಂಡರು. “ಬಿಡ್ತು ಅನ್ನು.”

“ಬಿಡ್ತು,” ಎಂದೆ. ಅಷ್ಟು ನಮ್ಮ ಅಮ್ಮ ಕಲಿಸಿದ್ದರು. ಅಶುಭ ಬಾಯಿಗೆ ಬಂದರೆ ಹೀಗೆ ಹಿಂದಕ್ಕೆ ಪಡೆಯಬೇಕು. ಆದರೆ ಯಾವ ಅಶುಭ ಬಂದಿತ್ತೋ ತಿಳಿಯಲಿಲ್ಲ.

“ಹೊತ್ತಿದ್ದಕ್ಕ ಹಂಗ ಅನ್ನಬಾರದು,” ಎಂದರು ಅತ್ತಿ. ಆಮೇಲೆ ಶೆಗಡಿಯ ಕಡೆ ಬೆರಳು ತೋರಿಸಿ, “ಯಾಕ ನಿಂತಿ? ಲಗೂನ ದೊಡ್ಡದು ಮಾಡು.”

ಅಜ್ಜಿ ಏನೆಂದರು ಎಂದು ರೇಂಜರ್ ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವನು. ಬೇಗ ಬೆಂಕಿ ದೊಡ್ಡದು ಮಾಡು ಎಂದು ಹೇಳುತ್ತಿದ್ದಾರೆ ಎಂದೆ. ರೇಂಜರ್ ಕೈ ಸೊಂಟದ ರೇಡಿಯೋ ಮೇಲೆ ಹೋಯಿತು.

ಈಗ ನನ್ನ ತಲೆಯಲ್ಲಿ ನಡೆದದ್ದನ್ನು ಹೇಳಲೇಬೇಕು, ನಾಚಿಕೆಯಾದರೂ. ಅತ್ತಿ ನಲವತ್ತು ವರ್ಷ ಒಲೆಯ ಮುಂದೆ ಬದುಕಿದವರು, ಸುಮ್ಮನೆ ಹೇಳುವವರಲ್ಲ. ಇದ್ದಿಲು ಚೆನ್ನಾಗಿ ಉರಿದರೆ ಬೇಗ ಮುಗಿದುಹೋಗುತ್ತದೆ. ಮುಗಿದರೆ ಒಲೆ ಖಾಲಿ. ಖಾಲಿಯಾದರೆ ಆದೇಶ ಪಾಲಿಸಿದ ಹಾಗೆ. ನಾನು ವೃತ್ತಿಯಿಂದ ಇಂಜಿನಿಯರು. ಲೆಕ್ಕ ಸರಿಯಾಗಿ ಕಂಡಿತು. ಬಗ್ಗಿ ಶೆಗಡಿಯ ಬಾಯಿಯನ್ನು ಪೂರ್ತಿ ತೆಗೆದು, ಕಾಗದದ ತಟ್ಟೆಯಿಂದ ಬೀಸತೊಡಗಿದೆ. ಜವಾಬ್ದಾರ ವ್ಯಕ್ತಿ, ರೇಂಜರ್ ಎದುರಿಗೆ, ಗಾಳಿ ಬೀಸುವ ದಿನ.

ಐದು ಸಲ ಬೀಸಿರಬೇಕು. ಕೆಂಡ ಬೆಳ್ಳಗಾಯಿತು. ಒಂದು ಬದನೆಕಾಯಿ ಟಪ್ಪೆಂದು ಒಡೆಯಿತು. ಕಿಡಿಗಳು ಎದ್ದವು. ಒಂದು ನನ್ನ ತೋಳಿನ ಮೇಲೆ ಕೂತಿತು, ಇನ್ನೊಂದು ಮೇಜಿನ ಕಾಗದದ ಹಾಸಿನ ಮೇಲೆ. ಹಾಸಿನಲ್ಲಿ ಒಂದು ತೂತಾಗಿ, ಅದರ ಕೆಂಪು ಅಂಚು ಸದ್ದಿಲ್ಲದೆ ಅಗಲವಾಗತೊಡಗಿತು. ಮನೆಯಲ್ಲಿ ಎರಡು ಸಿಲಿಂಡರ್ ಇಟ್ಟುಕೊಂಡವನು ಅದನ್ನು ನೋಡುತ್ತ ನಿಂತೆ. ಕೈಯಲ್ಲಿ ತಟ್ಟೆ ಹಾಗೇ ಇತ್ತು.

ಊಟಕ್ಕೆಂದು ತಂದ ಮಸಾಲೆ ಮಜ್ಜಿಗೆಯ ದೊಡ್ಡ ಪಾತ್ರೆಯನ್ನು ಅತ್ತಿ ಎತ್ತಿದರು. ಮೊದಲು ಹಾಸಿನ ಮೇಲೆ, ಆಮೇಲೆ ನನ್ನ ತೋಳಿನ ಮೇಲೆ, ಉಳಿದದ್ದನ್ನೆಲ್ಲ ಶೆಗಡಿಗೆ. ಸುಂಯ್ ಎಂದು ಬಿಳಿ ಹೊಗೆ ಎದ್ದಿತು. ಇಂಗು, ಕರಿಬೇವು, ಸುಟ್ಟ ಮಜ್ಜಿಗೆ, ಎಲ್ಲ ಸೇರಿ ಗುಡ್ಡಕ್ಕೆಲ್ಲ ಒಗ್ಗರಣೆ ಹಾಕಿದ ಹಾಗೆ. ರೇಂಜರ್ ಟೋಪಿಯ ಅಂಚಿನಲ್ಲಿ ಒಂದು ಕರಿಬೇವಿನ ಎಲೆ ಕೂತಿತ್ತು.

“ದೊಡ್ಡದು ಮಾಡು ಅಂದ್ರ ಬೀಸಾಕ ನಿಂತಾನಲ್ಲ,” ಎಂದು ಅತ್ತಿ ಯಾರಿಗೂ ಅಲ್ಲದೆ ಹೇಳಿದರು. “ಇವರಪ್ಪ ಏನೂ ಕಲಿಸಿಲ್ಲ ಇವಗ.”

ಆಗ ನನಗೆ ತಿಳಿಯಿತು. ಬೆಳಗುವುದನ್ನು ಆರಿಸು ಎನ್ನಬಾರದು; ದೊಡ್ಡದು ಮಾಡು ಎನ್ನಬೇಕು. ಅದನ್ನು ರೇಂಜರ್‌ಗೆ ವಿವರಿಸಿದೆ. ಅತ್ತಿಯ ಭಾಷೆಯಲ್ಲಿ ದೊಡ್ಡದು ಮಾಡು ಎಂದರೆ ನಂದಿಸು ಎಂದು. ಹೇಳುತ್ತಿರುವಾಗಲೇ ನನ್ನ ಮಾತನ್ನು ನಾನೇ ನಂಬುವ ಹಾಗಿರಲಿಲ್ಲ. ರೇಂಜರ್ ನನ್ನ ಒದ್ದೆ ತೋಳನ್ನು ನೋಡಿದರು, ಮಜ್ಜಿಗೆಯಲ್ಲಿ ತೇಲುವ ಬದನೆಕಾಯಿಗಳನ್ನು ನೋಡಿದರು. ಕ್ಷಮಿಸಿ, ಒಲೆಯನ್ನು ಒಯ್ಯಬೇಕಾಗುತ್ತದೆ ಎಂದರು. ಈ ಮಾತನ್ನು ಅತ್ತಿಗೆ ಯಾರೂ ಅನುವಾದಿಸಬೇಕಿರಲಿಲ್ಲ. ಅವರು ಸೆರಗು ಕೈಗೆ ಸುತ್ತಿಕೊಂಡು ಬಿಸಿ ಶೆಗಡಿಯ ಹಿಡಿಯನ್ನು ಹಿಡಿದರು.

ಆಗ ಮೇಘಾ ಮುಂದೆ ಬಂದಳು. ಆಗ ಅವಳಿಗೆ ಹದಿನೈದು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಪ್ಪನನ್ನು ಕೇಳಬೇಡಿ, ಅಜ್ಜಿಯನ್ನೇ ಕೇಳಿ ಎಂದಳು. ರೇಂಜರ್ ಸೊಂಟದಲ್ಲಿದ್ದ ಟಾರ್ಚನ್ನು ಇಸಿದುಕೊಂಡು, ಹೊತ್ತಿಸಿ, ಅತ್ತಿಯ ಮುಂದೆ ಹಿಡಿದು, ಮುಂದೇನು ಎನ್ನುವ ಹಾಗೆ ಹುಬ್ಬೇರಿಸಿದಳು. ಅತ್ತಿ ಹಗಲು ಹೊತ್ತಿನಲ್ಲಿ ದೀಪ ಹಚ್ಚಿದ ಮಗುವನ್ನು ನೋಡುವ ಹಾಗೆ ಅವಳನ್ನು ನೋಡಿದರು.

“ದೊಡ್ಡದು ಮಾಡವಾ, ಸುಮ್ನ ಖರ್ಚಾಗತದ,” ಎಂದು ಮೇಘಾಳ ಹೆಬ್ಬೆರಳನ್ನು ತಾವೇ ಹಿಡಿದು ಗುಂಡಿಯ ಮೇಲೆ ಒತ್ತಿದರು. ಟಾರ್ಚು ನಂದಿತು.

ರೇಂಜರ್ ರೇಡಿಯೋದಿಂದ ಕೈ ತೆಗೆದು, ಶೆಗಡಿ ನಿಮ್ಮಲ್ಲೇ ಇರಲಿ, ಆದರೆ ಈ ಪಾರ್ಕಿನಲ್ಲಿ ದಯವಿಟ್ಟು ಆ ಶಬ್ದ ಬಳಸಬೇಡಿ ಎಂದರು. ಅವರು ಕೊಟ್ಟ ಕಾಗದದಲ್ಲಿ ಬೆಂಕಿ ಆರಿದೆಯೇ ಎಂಬ ಪ್ರಶ್ನೆಯ ಮುಂದೆ ಗುರುತು ಹಾಕಿ ನಾನು ಸಹಿ ಮಾಡಬೇಕಿತ್ತು. ಮಾಡಿದೆ. ಮನಸ್ಸಿನಲ್ಲೇ ಬಿಡ್ತು ಎಂದುಕೊಂಡೆ.

ಫ್ರೀವೇಯಲ್ಲಿ ಅರ್ಧ ದಾರಿ ಬಂದ ಮೇಲೆ ನನಗೆ ಇನ್ನೊಂದು ಹೊಳೆಯಿತು. “ಅತ್ತಿ, ಅವತ್ತು ಹಿಟ್ಟು ಹೆಚ್ಚಾಗಿದೆ ಅಂದಿರಲ್ಲ...”

“ಮುಗದದ ಅಂತ ಹೆಂಗ ಅನ್ನಬೇಕಪಾ?” ಎಂದರು ಅತ್ತಿ, ಕಿಟಕಿಯಾಚೆ ನೋಡುತ್ತ. “ಎಂಟು ದಿನಾ ಬ್ರೆಡ್ ತಿಂದೆ. ಹುಡುಗ ಎಲ್ಲಾದರಾಗೂ ಛಲೋ ಅದಾನ, ಹಿಟ್ಟಿಗೆ ಯಾಕ ಹಿಂದ ಮುಂದ ನೋಡ್ತಾನೋ ಅಂತ ತಿಳಿಲಿಲ್ಲ.”

ಹಿಂದಿನ ಸೀಟಿನಲ್ಲಿ ಶೈಲಾ ನಕ್ಕ ನಗು ಕ್ಯಾಂಪ್‌ಬೆಲ್ ತಲುಪುವವರೆಗೂ ನಿಲ್ಲಲಿಲ್ಲ.

ಊರಿಗೆ ಹೊರಡುವಾಗ ಅತ್ತಿ ಶೆಗಡಿ ಒಯ್ಯಲಿಲ್ಲ. ಹೋಗುತ್ತೇನೆ ಎಂದೂ ಅನ್ನಲಿಲ್ಲ. ಇಲ್ಲೇ ಇರಲಿ, ನಾ ಮತ್ತ ಬರಾಕಿನ ಇದ್ದೀನಲ್ಲ ಎಂದರು. ಇನ್ನೂ ಬಂದಿಲ್ಲ. ಶೆಗಡಿ ಗ್ಯಾರೇಜಿನಲ್ಲಿ ಕೆಂಪು ಸಿಲಿಂಡರಿನ ಪಕ್ಕದಲ್ಲಿದೆ. ಅದಕ್ಕೆ ತುಕ್ಕು ಹಿಡಿಯಬಾರದೆಂದು ತಿಂಗಳಿಗೊಮ್ಮೆ ಎಣ್ಣೆ ಸವರುತ್ತೇನೆ.

ಬೆಳಿಗ್ಗೆಯ ಮಾತಿಗೆ ಬರುತ್ತೇನೆ. ಮಜ್ಜಿಗೆಹುಳಿ ಉಕ್ಕಿತು, ನಾನು ತೋಳು ಹಿಡಿದುಕೊಂಡು ನಿಂತುಬಿಟ್ಟೆ ಎಂದೆನಲ್ಲ. ಬಾಯಿಂದ ಬಂದದ್ದು “ಆರಿಸು, ಆರಿಸು” ಎಂದು ಮಾತ್ರ. ಪಕ್ಕದಲ್ಲಿ ಫೋನು ನೋಡುತ್ತ ನಿಂತಿದ್ದ ಮೇಘಾ ತಲೆಯೆತ್ತಲಿಲ್ಲ.

“ಬಿಡ್ತು ಅನ್ನು,” ಎಂದಳು. ಥೇಟ್ ಹುಬ್ಬಳ್ಳಿಯ ದನಿ. ಕೈ ಚಾಚಿ ಒಲೆಯ ಗುಂಡಿ ತಿರುಗಿಸಿದಳು. “ದೊಡ್ಡದಾತು.”

“ಬಿಡ್ತು,” ಎಂದೆ. ಆಗ ನೋಡಿಕೊಂಡೆ, ಕೈ ತೋಳನ್ನು ಬಿಟ್ಟಿತ್ತು.